ಸೂರ್ಯನಮಸ್ಕಾರದ ರೆಕಾರ್ಡ್ ಬುಕ್ಕು

2023ರ ಫೆಬ್ರುವರಿಯ ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ನನ್ನ ಟೇಬಲ್ ಮೇಲೆ 62 ರೆಕಾರ್ಡ್ ಬುಕ್ಕುಗಳು ಬಂದು ಕೂತವು. ಕಂದು ಕಾಗದದ ಹೊದಿಕೆ, ಅದರ ಮೇಲೊಂದು ಚೀಟಿ, ಚೀಟಿಯಲ್ಲಿ ‘ಯೋಗ’. ನಾನು ಪಾಠ ಮಾಡುವುದು ಅರ್ಥಶಾಸ್ತ್ರ. ಆದರೆ ಆ ವರ್ಷಗಳಲ್ಲಿ ಪದವಿಯವರಿಗೆ ಯೋಗಕ್ಕೂ ಒಂದು ಕ್ರೆಡಿಟ್ ಇತ್ತು. ಕಾಲೇಜಿಗೆಲ್ಲ ದೈಹಿಕ ಶಿಕ್ಷಣ ನಿರ್ದೇಶಕರು ಒಬ್ಬರೇ. ಹಾಗಾಗಿ ಅಂಕ ಹಾಕುವ ಕೆಲಸವನ್ನು ಪ್ರಸಾದ ಹಂಚಿದ ಹಾಗೆ ಎಲ್ಲರಿಗೂ ಹಂಚಿಬಿಟ್ಟಿದ್ದರು.

ಮೊದಲನೆಯ ಬುಕ್ಕು ತೆರೆದೆ. ಸೂರ್ಯನಮಸ್ಕಾರದ 12 ಆಸನ, ಪೆನ್ಸಿಲ್‌ನಲ್ಲಿ ಬಿಡಿಸಿದ್ದು, ಕೆಳಗೆ ನೀಲಿ ಪೆನ್ನಿನಲ್ಲಿ ಪ್ರಯೋಜನಗಳು. ಚಿತ್ರದಲ್ಲಿರುವ ಮನುಷ್ಯನಿಗೆ ಸಣ್ಣ ಮೀಸೆ. ಎರಡನೆಯದರಲ್ಲೂ ಮೀಸೆ. ಮೂರನೆಯದು ಹುಡುಗಿಯದು, ಅದರಲ್ಲೂ ಮೀಸೆ. ಯಾರೋ ಒಬ್ಬ ಮೊದಲು ಬಿಡಿಸುವಾಗ ಬೇಸರ ಕಳೆಯಲೆಂದು ಮೀಸೆ ಎಳೆದಿದ್ದಾನೆ. ಅದು ಕೈಯಿಂದ ಕೈಗೆ ಹೋಗಿ ಇಡೀ ತರಗತಿಯ ಮುಖಕ್ಕೆ ಅಂಟಿಕೊಂಡಿದೆ. ಅಶ್ವಸಂಚಲನಾಸನದಲ್ಲಿ ಹಿಂದೆ ಹೋಗಬೇಕಾದ ಕಾಲು ಯಾರದೋ ಕೈತಪ್ಪಿನಿಂದ ಪಕ್ಕಕ್ಕೆ ಹೋಗಿತ್ತು. ಅಲ್ಲಿಂದ ಮುಂದಿನ ನಲವತ್ತು ಬುಕ್ಕುಗಳಲ್ಲಿ ಆ ಕಾಲು ಪಕ್ಕದಲ್ಲೇ ಇತ್ತು. ಮನುಷ್ಯರ ಸೊಂಟಕ್ಕೆ ಸಾಧ್ಯವಾಗದ ಭಂಗಿ ಅದು. ಮಾಡಿ ನೋಡಿದವರು ಯಾರೂ ಇರಲಿಲ್ಲವಲ್ಲ, ಗೊತ್ತಾಗುವುದಾದರೂ ಹೇಗೆ?

ಐವತ್ತಮೂರನೆಯದೋ ಐವತ್ತನಾಲ್ಕನೆಯದೋ ಬುಕ್ಕಿನಲ್ಲಿ ಮೀಸೆ ಇರಲಿಲ್ಲ. ಚೂಡಿದಾರ ತೊಟ್ಟ ಹುಡುಗಿ ಇದ್ದಳು. ಮೂರನೆಯ ಚಿತ್ರ ಪಾದಹಸ್ತಾಸನ. ಅದರಲ್ಲಿ ಅವಳ ಜಡೆ ಬೆನ್ನಿನಿಂದ ಜಾರಿ ತಲೆಯ ಮುಂದೆ ಬಿದ್ದು ನೆಲ ಮುಟ್ಟುತ್ತಿತ್ತು. ಬಗ್ಗಿ ನೋಡಿದವಳಿಗಷ್ಟೇ ಗೊತ್ತಿರುವ ಸಂಗತಿ ಅದು. ಕರೆಸಿದೆ. ಬೈಸಿಕೊಳ್ಳಲು ಬಂದವಳ ಹಾಗೆ ಬಾಗಿಲಲ್ಲೇ ನಿಂತಳು.

“ನೀ ಇದನ್ನ ಖರೇನ ಮಾಡೀಯೇನು?”

“ಹೌದ್ರಿ ಮೇಡಮ್ರಿ. ಹಾಸ್ಟೆಲ್ದಾಗ, ಎರಡ ಕಾಟಿನ ನಡುವ. ಆದ್ರ ಕಾಲ ಹಿಂದಕ್ಕ ಒಯ್ಯೂದು ಬರಂಗಿಲ್ರಿ, ಟ್ರಂಕ್ ಬಡೀತೈತ್ರಿ.”

ಅವಳಿಗೆ ಎಷ್ಟು ಅಂಕ ಹಾಕಬೇಕು ಎಂದು ಬಹಳ ಹೊತ್ತು ಕೂತು ಯೋಚಿಸಿದೆ. ಚಿತ್ರ ಸೊಟ್ಟಗಿತ್ತು. ಮೀಸೆಯವರದು ಅಂದವಾಗಿತ್ತು.

*

ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಕಡ್ಡಾಯ ಮಾಡಬೇಕೋ ಬೇಡವೋ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ಆ ಮೀಸೆ ನೆನಪಾಗುತ್ತದೆ. ಬಹಳ ದಿನ ಅದೇ ನನ್ನ ವಾದವೂ ಆಗಿತ್ತು: ಕಡ್ಡಾಯ ಮಾಡಿ ನೋಡಿ, ಹೀಗೆ ಮೀಸೆ ಬರುತ್ತದೆ. ಹೊಸ ಶಿಕ್ಷಣ ನೀತಿಯನ್ನು 2021-22ರಲ್ಲಿ ದೇಶದಲ್ಲೇ ಮೊದಲು ಜಾರಿಗೆ ತಂದ ರಾಜ್ಯ ನಮ್ಮದು. ಯೋಗ, ಆರೋಗ್ಯ, ಕ್ರೀಡೆ, ಎನ್ನೆಸ್ಸೆಸ್ ಎಲ್ಲಕ್ಕೂ ಪಟ್ಟಿಯಲ್ಲಿ ಜಾಗ ಸಿಕ್ಕಿತು, ಗ್ರೌಂಡಿನಲ್ಲಿ ಸಿಗಲಿಲ್ಲ. 2024-25ಕ್ಕೆ ನಾಲ್ಕು ವರ್ಷದ ಪದವಿ ಹೋಗಿ ಮತ್ತೆ ಮೂರು ವರ್ಷದ್ದು ಬಂತು. ರೆಕಾರ್ಡ್ ಬುಕ್ಕುಗಳು ರದ್ದಿಗೆ ಹೋದವು. ಒಂದನ್ನು ಮಾತ್ರ ನಾನು ಇಟ್ಟುಕೊಂಡಿದ್ದೇನೆ.

ಈಗ ಅಭಿಪ್ರಾಯ ಬದಲಾಗಿದೆ. ಪೂರ್ತಿ ಅಲ್ಲ, ಮುಕ್ಕಾಲು ಅನ್ನಿ. ಅದಕ್ಕೆ ಕಾರಣ ಹೇಳಬೇಕೆಂದರೆ ನನ್ನ ಹೈಸ್ಕೂಲಿಗೆ ಹೋಗಬೇಕು.

ನಮ್ಮೂರು ಬಸವನ ಬಾಗೇವಾಡಿ ತಾಲೂಕಿನದು. ಹೈಸ್ಕೂಲಿನ ಹಿಂದೆ ಎರಿ ಭೂಮಿ, ಅದೇ ಗ್ರೌಂಡು. ಮಳೆ ಬಂದರೆ ಕಾಲಿಗೆ ಎರಡೆರಡು ಕಿಲೊ ಮಣ್ಣು ಮೆತ್ತಿಕೊಳ್ಳುತ್ತಿತ್ತು. ಬೇಸಿಗೆಯಲ್ಲಿ ಬಿರುಕು ಬಿಟ್ಟರೆ ಹುಡುಗರ ಚೆಂಡು ಅದರೊಳಗೆ ಹೋಗಿ ಕೂರುತ್ತಿತ್ತು. ಖೋ-ಖೋ ಕಂಬ ಎರಡೂ ಜಾಲಿಮರದವು. ಒಂದು ಯಾವಾಗಲೂ ಹೆಡ್‌ಮಾಸ್ತರರ ಕೋಣೆಯ ಕಡೆಗೆ ವಾಲಿಕೊಂಡಿರುತ್ತಿತ್ತು, ಏನೋ ದೂರು ಹೇಳುವ ಹಾಗೆ. ಗೆರೆ ಎಳೆಯಲು ಸುಣ್ಣ ಸಿಗದಿದ್ದರೆ ಬಸ್ ಸ್ಟ್ಯಾಂಡ್ ಹೋಟೆಲಿನ ಒಲೆಯ ಬೂದಿ. ಕೊನೆಯ ಪಿರಿಯಡ್ ಶುರುವಾಗುವ ಹೊತ್ತಿಗೆ ಪಿ.ಟಿ. ಮಾಸ್ತರರು ಕ್ಯಾನ್ವಾಸ್ ಬೂಟಿಗೆ ಚಾಕ್‌ಪೀಸ್ ತಿಕ್ಕಿಕೊಂಡು ಸಿದ್ಧರಾಗಿರುತ್ತಿದ್ದರು. ಅವರ “ಸಾವಧಾನ್” ಊರಾಚೆಯ ಹಳ್ಳದವರೆಗೆ ಕೇಳುತ್ತಿತ್ತು. ಆಗಸ್ಟ್ ಬಂತೆಂದರೆ ಲೇಜಿಮು, ಅದರ ಝಣಝಣ ರಾತ್ರಿ ನಿದ್ದೆಯಲ್ಲೂ ಕೇಳಿಸುತ್ತಿತ್ತು.

ಇಡೀ ಶಾಲೆಯಲ್ಲಿ ಎಲ್ಲರ ಹೆಸರೂ ಗೊತ್ತಿದ್ದದ್ದು ಅವರೊಬ್ಬರಿಗೇ. ಗಣಿತದ ಸರ್‌ಗೆ ಜಾಣರ ಹೆಸರು ಗೊತ್ತು, ಹೆಡ್‌ಮಾಸ್ತರರಿಗೆ ದಾಂಡಿಗರ ಹೆಸರು ಗೊತ್ತು. ಇವರಿಗೆ ನಡುವಿನವರದೂ ಗೊತ್ತು. ನನ್ನನ್ನು ‘ಬಾವಿಕಟ್ಟಿ ಮನಿ ಹುಡುಗಿ’ ಅನ್ನುತ್ತಿದ್ದರು. “ಏ ಬಾವಿಕಟ್ಟಿ ಮನಿ ಹುಡುಗಿ, ಕೂತಲ್ಲೇ ಜೋಲಿ ಹೊಡಿಬ್ಯಾಡ, ಖೋ ಬಿತ್ತಂದ್ರ ಏಳಬೇಕು!”

ಖೋ-ಖೋ ಆಡಿದವರಿಗೆ ಇದು ಗೊತ್ತು. ಎಂಟು ಜನ ಸಾಲಾಗಿ ಕೂತಿರುತ್ತೀರಿ, ಒಬ್ಬರು ಈ ಕಡೆ ಮುಖ, ಇನ್ನೊಬ್ಬರು ಆ ಕಡೆ. ಬೆನ್ನಿಗೆ ಕೈ ಬಿದ್ದು ‘ಖೋ’ ಎಂದ ಕೂಡಲೇ ಎದ್ದು ಓಡಬೇಕು. ಕೊಟ್ಟವಳು ಯಾರು, ಯಾರ ಮಗಳು, ಎಷ್ಟು ಮಾರ್ಕ್ಸು ಅಂತ ತಿರುಗಿ ನೋಡಲು ಹೊತ್ತಿಲ್ಲ. ಒಮ್ಮೆ ಒಂದು ದಿಕ್ಕು ಹಿಡಿದರೆ ಕಂಬ ದಾಟುವವರೆಗೆ ಹಿಂದೆ ತಿರುಗುವ ಹಾಗಿಲ್ಲ, ನಡುಗೆರೆ ದಾಟುವ ಹಾಗಿಲ್ಲ. ನಾನು ಓಡುವುದರಲ್ಲಿ ಅಷ್ಟಕ್ಕಷ್ಟೆ, ಆದರೆ ಕಂಬದ ಹತ್ತಿರ ಡೈವ್ ಹೊಡೆಯುವುದರಲ್ಲಿ ತಾಲೂಕಿಗೆ ಗೊತ್ತಿದ್ದವಳು. ಎಡಗೈ ಮೊಳಕೈ ಮೇಲೆ ಈಗಲೂ ಕಲೆ ಇದೆ. ತಾಲೂಕಾ ಮಟ್ಟದ ಫೈನಲ್‌ನಲ್ಲಿ ಸೋತೆವು. ಅದನ್ನು ಇಲ್ಲಿ ಬರೆಯುವುದಿಲ್ಲ, ಇನ್ನೂ ಸಿಟ್ಟಿದೆ.

ಇಷ್ಟೆಲ್ಲ ಆಡುತ್ತಿದ್ದವಳು ಮನೆಯಲ್ಲಿ ಒಮ್ಮೆಯೂ ‘ಆಡಲೇನು?’ ಎಂದು ಕೇಳಿರಲಿಲ್ಲ. ಕೇಳುವ ಪ್ರಸಂಗವೇ ಬರಲಿಲ್ಲ. ಶಾಲೆಯ ಟೈಮ್‌ಟೇಬಲ್‌ನಲ್ಲಿ ಆಟದ ಪಿರಿಯಡ್ ಇತ್ತು, ಮಾಸ್ತರರು ಎಲ್ಲರನ್ನೂ ಹೊರಗೆ ಅಟ್ಟುತ್ತಿದ್ದರು, ಮುಗಿಯಿತು. ಅಪ್ಪನಿಗೆ ನನ್ನ ಆಟದ ಬಗ್ಗೆ ಪರ-ವಿರೋಧ ಏನೂ ಇರಲಿಲ್ಲ. ಮಗ್ಗಿ ಹೇಳಿಸುವ ಹಾಗೆ, ಬೆಳಿಗ್ಗೆ ಪ್ರಾರ್ಥನೆ ಮಾಡಿಸುವ ಹಾಗೆ ಸಾಲಿಯವರು ಮಾಡಿಸುವ ಇನ್ನೊಂದು ಕೆಲಸ ಅದು. ಹರಕು ಲಂಗ ನೋಡಿ ಅವ್ವ ಬೈದರೆ “ಮಾಸ್ತರ್ ಆಡಸ್ಯಾರ” ಅಂದರೆ ಸಾಕು.

*

ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂತು. 1998ರ ಜೂನ್‌ನಲ್ಲಿ ವಿಜಯಪುರಕ್ಕೆ ಬಂದೆ, ಆಗಿನ್ನೂ ಬಿಜಾಪುರ. ಮಾಮಾನ ಮನೆಯಲ್ಲಿ ಇದ್ದುಕೊಂಡು ಪಿಯುಸಿ ಸಾಯನ್ಸು. ಕನ್ನಡದಲ್ಲಿ ಓದಿದವಳಿಗೆ ಮೊದಲ ದಿನವೇ ‘ವೆಕ್ಟರ್’ ಬಂತು. ಕ್ಲಾಸಿನಲ್ಲಿ 80 ಜನ. ಉಪನ್ಯಾಸಕರು ಹಾಜರಿ ಕೂಗುತ್ತಿದ್ದದ್ದು ನಂಬರಿನಿಂದ. ನಾನು 47. ಮುಂಜಾನೆ ಆರಕ್ಕೆ ಒಂದು ಟ್ಯೂಷನ್, ಹತ್ತರಿಂದ ಕಾಲೇಜು, ಐದಕ್ಕೆ ಇನ್ನೊಂದು ಟ್ಯೂಷನ್. ಕೂರುವುದು, ಏಳುವುದು, ನಡೆದು ಇನ್ನೊಂದು ಕಡೆ ಹೋಗಿ ಮತ್ತೆ ಕೂರುವುದು.

ಬೆಳಗಿನ ಟ್ಯೂಷನ್‌ಗೆ ಹೋಗುವ ದಾರಿ ಗೋಳಗುಮ್ಮಟದ ಪಕ್ಕದಿಂದ. ಅಷ್ಟು ಹೊತ್ತಿಗೆ ಅಲ್ಲಿ ಊರಿನ ಹಿರಿಯರೆಲ್ಲ ವಾಕಿಂಗ್ ಬರುತ್ತಿದ್ದರು. ಟೊಪ್ಪಿಗೆ, ಮಫ್ಲರ್, ಕೈಯಲ್ಲಿ ಕೋಲು; ಒಬ್ಬರಂತೂ ಧೋತರ ಮೇಲೆತ್ತಿ ಕಟ್ಟಿ ಓಡುತ್ತಿದ್ದರು. ಅರವತ್ತು ದಾಟಿದವರು ಬೆವರಿಳಿಸುತ್ತಿದ್ದ ಹೊತ್ತಿನಲ್ಲಿ ಹದಿನಾರರ ನಾನು ಚೀಲ ಹೊತ್ತು ಬೆಂಚಿನ ಮೇಲೆ ಕೂರಲು ಹೋಗುತ್ತಿದ್ದೆ. ಆಗ ಅದು ವಿಚಿತ್ರ ಅನಿಸಿರಲಿಲ್ಲ. ಕಾಲೇಜು ಅಂದರೆ ಹಾಗೇ ಇರಬೇಕು ಅಂದುಕೊಂಡಿದ್ದೆ.

ಮೂರು ತಿಂಗಳಿಗೆ ತಲೆನೋವು ಶುರುವಾಯಿತು. ನಿದ್ದೆ ಇಲ್ಲ, ಊಟ ಬೇಡ. ಅತ್ತಿ ‘ನೀರು ಬದಲಾಗೈತಿ’ ಅಂದರು. ಡಾಕ್ಟರ್ ಕಣ್ಣು ಪರೀಕ್ಷೆ ಮಾಡಿಸಿ ಅಂದರು. ಕಣ್ಣು ನೆಟ್ಟಗಿತ್ತು. ಈಗ ಯೋಚಿಸಿದರೆ, ನನ್ನ ಮೈ ನಾಲ್ಕು ಗಂಟೆಯ ಗಂಟೆಗಾಗಿ ಕಾಯುತ್ತಿತ್ತೇನೋ ಅನಿಸುತ್ತದೆ. ಆದರೆ ಮೈಯೊಂದೇ ಅಲ್ಲ. ಎರಡು ವರ್ಷದಲ್ಲಿ ಆ 80 ಜನರಲ್ಲಿ ನನಗೆ ಗುರುತಾದದ್ದು ಹನ್ನೊಂದು ಜನ. ಇಂಗ್ಲಿಷ್ ಬರುವವರು ಒಂದು ಕಡೆ, ನಾವು ಹಳ್ಳಿಯವರು ಒಂದು ಕಡೆ. ಮಾತಾಡಿದರೆ ತಪ್ಪಾದೀತು ಎಂಬ ಹೆದರಿಕೆಗೆ ಬಾಯಿ ಮುಚ್ಚಿಕೊಂಡು ಕೂತ ಕೊನೆಯ ಬೆಂಚು. ಅಲ್ಲೊಂದು ಖೋ-ಖೋ ಅಂಕಣ ಇದ್ದಿದ್ದರೆ ಏನಾಗುತ್ತಿತ್ತು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ‘ಖೋ’ ಅನ್ನಲು ವ್ಯಾಕರಣ ಬೇಕಿಲ್ಲ.

ಒಮ್ಮೆ ನೋಟೀಸ್ ಬೋರ್ಡಿನಲ್ಲಿ ಚೀಟಿ ಬಿತ್ತು: ಪಿಯು ಕ್ರೀಡಾಕೂಟಕ್ಕೆ ಹುಡುಗಿಯರ ಖೋ-ಖೋ ತಂಡ, ಆಸಕ್ತರು ಹೆಸರು ಕೊಡಿ. ಆಸಕ್ತರು! ಮನೆಗೆ ಬಂದು ಮಾಮಾನ ಮುಂದೆ ಬಾಯಿಬಿಟ್ಟೆ.

“ಅದು ಪರೀಕ್ಷಾದಾಗ ಬರತೈತೇನು?”

“ಇಲ್ರಿ ಮಾಮಾ.”

“ಎಲ್ಲಾರೂ ಆಡಲಾಕಬೇಕೇನು?”

“ಇಲ್ಲ, ಬೇಕಾದವ್ರು.”

“ಮತ್ತ ನಿನಗ್ಯಾಕ ಬೇಕು?”

ಮಾಮಾ ಕೆಟ್ಟವರಲ್ಲ. ನನ್ನ ಫೀಸು ಕಟ್ಟಿದವರು ಅವರೇ. ಅವರ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ ಅಷ್ಟೆ. ‘ನನಗೆ ಬೇಕು’ ಎಂದು ಹೇಳುವುದು ಹದಿನಾರರ ಹುಡುಗಿಗೆ, ಅದೂ ಇನ್ನೊಬ್ಬರ ಮನೆಯಲ್ಲಿ ಇರುವವಳಿಗೆ, ಬರುವ ಮಾತಲ್ಲ. ‘ಬೇಕೇಬೇಕಂತ’ ಎಂದಿದ್ದರೆ ಅವರು ಮರುಮಾತಿಲ್ಲದೆ ಬೂಟು ಕೊಡಿಸುತ್ತಿದ್ದರು.

ಇಪ್ಪತ್ತೈದು ವರ್ಷ ಅರ್ಥಶಾಸ್ತ್ರದ ಸಹವಾಸ ಮಾಡಿದ ಮೇಲೆ ಅದನ್ನು ಹೀಗೆ ಹೇಳಬಲ್ಲೆ: ಐಚ್ಛಿಕ ಅನ್ನುವುದು ಎಲ್ಲರಿಗೂ ಒಂದೇ ಬೆಲೆಗೆ ಸಿಗುವ ಸರಕಲ್ಲ. ಹುಡುಗನಿಗೆ ಅದು ಪುಕ್ಕಟೆ. ಹುಡುಗಿ ಅದಕ್ಕಾಗಿ ಮನೆಯಲ್ಲಿ ಜಗಳವಾಡಬೇಕು, ಯಾಕೆ ಬೇಕೆಂದು ಸಾಬೀತು ಮಾಡಬೇಕು, ಸಂಜೆ ಹೊತ್ತಾದರೆ ಲೆಕ್ಕ ಕೊಡಬೇಕು. ಕಡ್ಡಾಯ ಅನ್ನುವ ಪದ ಆ ಬೆಲೆಯನ್ನು ಇಳಿಸುತ್ತದೆ. ಅದು ಮನೆಗೆ ಒಯ್ಯಲು ಬರುವ ಚೀಟಿ.

*

ಚಹಾದ ಹೊತ್ತಿನಲ್ಲಿ ಇದನ್ನು ಹೇಳಿದಾಗ ರಾಜ್ಯಶಾಸ್ತ್ರದ ಸರ್ ಬಿಸ್ಕೀಟು ಅದ್ದುತ್ತಾ ಹೇಳಿದರು: “ಮೇಡಮ್, ವೋಟು ಹಾಕುವವರಿಗೆ ಓಡು, ಜಿಗಿ ಅಂತ ಹೇಳಲಾಕ ನಾವ್ಯಾರ್ರಿ?” ಮಾತು ಸರಿಯಾಗಿಯೇ ಇದೆ. ಹದಿನೆಂಟು ದಾಟಿದವರು ದೊಡ್ಡವರು. ಆದರೆ ಅದೇ ದೊಡ್ಡವರಿಗೆ ನಾವು ಪರಿಸರ ಅಧ್ಯಯನ ಕಡ್ಡಾಯ ಮಾಡಿದ್ದೇವೆ, ಭಾರತ ಸಂವಿಧಾನ ಕಡ್ಡಾಯ ಮಾಡಿದ್ದೇವೆ, ಶೇ. 75 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಕೂರುವುದಕ್ಕೆ ಒತ್ತಾಯ ಮಾಡಬಹುದು, ಏಳುವುದಕ್ಕೆ ಮಾತ್ರ ಸ್ವಾತಂತ್ರ್ಯದ ಪ್ರಶ್ನೆ ಬರುತ್ತದೆಯೇ ಎಂದೆ. ಸರ್ ನಕ್ಕರು, ಒಪ್ಪಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಒಂದು ತಮಾಷೆಯ ತಿರುವು ಇದೆ. ಐದರಿಂದ 17 ವರ್ಷದವರೆಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯಬೇಕು. ಹದಿನೆಂಟಾಯಿತೆಂದರೆ ವಾರಕ್ಕೆ 150ರಿಂದ 300 ನಿಮಿಷ ಸಾಕು. ಅಂದರೆ ಪಿಯುಸಿ ಮಕ್ಕಳು ಇನ್ನೂ ದಿನಕ್ಕೊಂದು ತಾಸಿನ ಲೆಕ್ಕದವರು. ನಾವು ಸೊನ್ನೆಗೆ ಇಳಿಸುವುದು ಆ ಎರಡು ವರ್ಷದಲ್ಲೇ. 2016ರ ಅಂಕಿ-ಅಂಶ ಹಿಡಿದು ಅದೇ ಸಂಸ್ಥೆಯವರು ಮಾಡಿದ ಲೆಕ್ಕದ ಪ್ರಕಾರ ಜಗತ್ತಿನಲ್ಲಿ 11ರಿಂದ 17 ವರ್ಷದ ಹುಡುಗರಲ್ಲಿ ಶೇ. 78, ಹುಡುಗಿಯರಲ್ಲಿ ಶೇ. 85 ಮಂದಿ ಆ ಒಂದು ತಾಸನ್ನು ಮುಟ್ಟುವುದಿಲ್ಲ. ಹುಡುಗಿಯರ ಆ ಏಳು ಹೆಚ್ಚಿನ ಅಂಕೆಯೊಳಗೆ ಎಷ್ಟು ಮಾಮಾಗಳು ಇದ್ದಾರೋ.

ಅಮೆರಿಕದವರು ಈ ಜಗಳವನ್ನು ನೂರು ವರ್ಷದಿಂದ ಆಡುತ್ತಿದ್ದಾರೆ. 1920ರ ದಶಕದಲ್ಲಿ ಅಲ್ಲಿನ ಕಾಲೇಜುಗಳಲ್ಲಿ ಹೆಚ್ಚುಕಡಿಮೆ ಎಲ್ಲ ಕಡೆ ದೈಹಿಕ ಶಿಕ್ಷಣವಿಲ್ಲದೆ ಪದವಿ ಇಲ್ಲ. ಈ ಶತಮಾನದ ಎರಡನೆಯ ದಶಕಕ್ಕೆ ಅದು ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಕೆಲವು ಕಡೆ ಈಜು ಪರೀಕ್ಷೆಯೇ ಇದೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಲಾ-ವಿಜ್ಞಾನದವರು 75 ಗಜ ಈಜಬೇಕು, ಎಂಜಿನಿಯರಿಂಗ್‌ನವರಿಗೆ ಬೇಕಿಲ್ಲ. ನೆರೆ ಬಂದರೆ ಅವರು ಸೇತುವೆ ಕಟ್ಟಿಕೊಂಡು ದಾಟುತ್ತಾರೆ ಎಂದು ಅಲ್ಲಿನ ಹಳೆಯ ಜೋಕು. ಓದಿ ನಕ್ಕೆ, ಆಮೇಲೆ ನಮ್ಮಲ್ಲಿ ಅಂಥ ಪರೀಕ್ಷೆ ಇಟ್ಟರೆ ಅಂತ ಯೋಚಿಸಿದೆ. ನಮ್ಮೂರ ಹುಡುಗರೆಲ್ಲ ಬೆನ್ನಿಗೆ ಎಣ್ಣೆ ಡಬ್ಬಿ ಕಟ್ಟಿಕೊಂಡು ಹೊಲದ ಬಾವಿಯಲ್ಲಿ ಈಜು ಕಲಿತವರು. ನಾವು ಹುಡುಗಿಯರು ಆ ಬಾವಿಗೆ ಹೋಗಿದ್ದು ನೀರು ತರಲು. ಮೊದಲ ದಿನವೇ ಹುಡುಗಿಯರೆಲ್ಲ ಫೇಲು. ಆದ್ದರಿಂದ ಕಡ್ಡಾಯ ಇರಲಿ, ಅಂಕ ಬೇಡ ಎನ್ನುತ್ತೇನೆ. ಅಂಕ ಹಾಕಿದ ಕೂಡಲೇ ಹಿಂದೆ ಯಾರಿಗೆ ಏನು ಸಿಕ್ಕಿತ್ತೋ ಅದಕ್ಕೇ ಅಂಕ ಹಾಕಿದ ಹಾಗಾಗುತ್ತದೆ. ಇಲ್ಲವೇ ಮೀಸೆ ಬರುತ್ತದೆ.

ಅಣ್ಣನ ಮಗಳು ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಓದುತ್ತಾಳೆ. ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು 2022ರ ಸ್ಕೀಮಿನಲ್ಲಿ ಎನ್ನೆಸ್ಸೆಸ್, ದೈಹಿಕ ಶಿಕ್ಷಣ, ಯೋಗ ಮೂರರಲ್ಲಿ ಒಂದನ್ನು ತೆಗೆದುಕೊಳ್ಳಲೇಬೇಕು ಎಂದಿಟ್ಟಿದೆ. ಕ್ರೆಡಿಟ್ ಸೊನ್ನೆ, ಆದರೆ ಅದು ಮುಗಿಯದೆ ಪದವಿ ಕೈಗೆ ಬರುವುದಿಲ್ಲ. “ಝೀರೊ ಕ್ರೆಡಿಟ್ ಅತ್ತಿ, ಯಾರೂ ತಲಿ ಕೆಡಿಸ್ಕೊಳ್ಳಂಗಿಲ್ಲ, ಎಲ್ಲಿ ಲಗೂ ಸಹಿ ಬೀಳತೈತೋ ಅದನ್ನ ತಗೋತಾರ” ಎಂದು ಫೋನಿನಲ್ಲಿ ನಕ್ಕಳು. ನೀನೇನು ತಗೊಂಡಿ ಅಂದೆ. ದೈಹಿಕ ಶಿಕ್ಷಣ. ಯಾಕೆ? “ಅಪ್ಪಗ ಹೇಳಾಕ ಬಂತಲ್ಲ, ಕಂಪಲ್ಸರಿ ಐತಿ ಅಂತ. ಥ್ರೋಬಾಲ್ ಆಡಾಕತ್ತೀನಿ.” ನೋಡಿ, ಹುಡುಗಿ ನನ್ನ ಇಡೀ ವಾದವನ್ನು ಒಂದು ವಾಕ್ಯದಲ್ಲಿ ಮುಗಿಸಿದಳು, ಬಾಗಲಕೋಟೆಗೆ ಹೋಗಿ ಮಾತಿನ ಸರದಾರಿಣಿ ಆಗಿದ್ದಾಳೆ, ವಿಜಯಪುರದ ‘ಹೇಳಲಾಕ’ ಬಿಟ್ಟು ‘ಹೇಳಾಕ’ ಹಿಡಿದಿದ್ದಾಳೆ.

ಇವಳು ಎಂಟನೆಯ ತರಗತಿಯಲ್ಲಿದ್ದಾಗ ಸರ್ಕಾರದ ಸೈಕಲ್ ಬಂದಿತ್ತು. 2006-07ರಿಂದ ಹಳ್ಳಿಯ ಎಷ್ಟೋ ಹುಡುಗಿಯರ ಕಾಲಿಗೆ ಬಲ ಕೊಟ್ಟ ಸೈಕಲ್ಲು ಅದು. ನಾಲ್ಕು ಕಿಲೊಮೀಟರ್ ಹೋಗಿ, ನಾಲ್ಕು ಕಿಲೊಮೀಟರ್ ಬರುತ್ತಿದ್ದಳು, ಎದುರುಗಾಳಿಗೆ ಎದ್ದುನಿಂತು ತುಳಿಯುತ್ತಿದ್ದಳು. ಪಿಯುಸಿಗೆ ಬಸ್ಸು. ಈಗ ಆ ಸೈಕಲ್ ತಿಪ್ಪೆಯ ಗೋಡೆಗೆ ಒರಗಿಕೊಂಡಿದೆ, ಕ್ಯಾರಿಯರ್ ಮೇಲೆ ಕೋಳಿ ಕೂರುತ್ತದೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ಸೂ ಪುಕ್ಕಟೆ. ಆ ಬಸ್ಸು ಇಲ್ಲದಿದ್ದರೆ ನನ್ನ ತರಗತಿಯ ಎಷ್ಟೋ ಜನ ಓದು ಬಿಡುತ್ತಿದ್ದರು, ಅದರ ವಿರುದ್ಧ ನನ್ನದೊಂದು ಮಾತೂ ಇಲ್ಲ. ದಿನದ ಎಂಟು ಕಿಲೊಮೀಟರ್ ಎಲ್ಲಿ ಹೋಯಿತು ಎಂದು ಕೇಳುತ್ತಿದ್ದೇನೆ ಅಷ್ಟೆ.

*

ಜಡೆಯ ಹುಡುಗಿಯ ರೆಕಾರ್ಡ್ ನೋಡಿದ ಮುಂದಿನ ವರ್ಷ ಪ್ರಾಂಶುಪಾಲರ ಹತ್ತಿರ ಹೋಗಿ ಒಂದು ತಾಸು ಕೇಳಿದೆ. ಬುಧವಾರದ ಕೊನೆಯ ತಾಸು. ಅಂಕ ಇಲ್ಲ, ರೆಕಾರ್ಡ್ ಇಲ್ಲ, ಸಹಿ ಇಲ್ಲ. ಆ ಹೊತ್ತಿನಲ್ಲಿ ಯಾವ ಪಾಠವೂ ನಡೆಯಕೂಡದು, ಎಲ್ಲರೂ ಹೊರಗೆ ಬರಬೇಕು. “ಕಡ್ಡಾಯ ಅಂತ ನೋಟೀಸ್ ಹಾಕ್ರಿ ಸರ್, ಶಿಕ್ಕಾ ಒತ್ರಿ” ಎಂದು ಗಂಟುಬಿದ್ದೆ. ಶಿಕ್ಕಾ ಬಿತ್ತು.

ಮೊದಲ ಬುಧವಾರ ಹೊರಗೆ ಬಂದವರು ಗೋಡೆಯ ನೆರಳಿನಲ್ಲಿ ಸಾಲಾಗಿ ನಿಂತರು. ಗಂಡುಹುಡುಗರು ಐದು ನಿಮಿಷಕ್ಕೆ ಕ್ರಿಕೆಟ್ ಶುರು ಮಾಡಿ ಇಡೀ ಗ್ರೌಂಡು ಆಕ್ರಮಿಸಿಕೊಂಡರು. ಹುಡುಗಿಯರ ಕಾಲಲ್ಲಿ ಚಪ್ಪಲಿ, ಹೆಗಲ ಮೇಲೆ ಪಿನ್ ಹಾಕಿದ ವೇಲು. ಬಟ್ಟೆ ಬದಲಿಸಲು ಜಾಗ ಎಲ್ಲಿ? ಸ್ಪೋರ್ಟ್ಸ್ ರೂಮಿನ ಚಿಲಕ ಮುರಿದಿತ್ತು. ಕುಡಿಯುವ ನೀರಿನ ಟಾಕಿ ಕಟ್ಟಡದ ಆ ತುದಿಗೆ. ಏಪ್ರಿಲ್‌ನಲ್ಲಿ ನಮ್ಮೂರ ಬಿಸಿಲು 40 ದಾಟುತ್ತದೆ, ನಾಲ್ಕು ಗಂಟೆಗೂ ನೆಲ ಕಾದ ತವಾ. ಮುಂಜಾನೆ ಇಟ್ಟುಕೊಳ್ಳೋಣವೆಂದರೆ ಹಳ್ಳಿಯ ಬಸ್ಸು ಬರುವುದೇ ಪೌಣೇ ಹತ್ತಕ್ಕೆ. ಕಡ್ಡಾಯ ಎಂದು ನೋಟೀಸ್ ಹಾಕಿದ್ದು ವಿದ್ಯಾರ್ಥಿಗಳಿಗೆ, ಆದರೆ ಒಂದೊಂದೇ ಕೊರತೆ ನೋಡುತ್ತಾ ಹೋದ ಹಾಗೆ ಅದನ್ನು ಮೊದಲು ಕಾಲೇಜಿನ ಆಫೀಸಿನ ಬಾಗಿಲಿಗೆ ಅಂಟಿಸಬೇಕಿತ್ತು ಅನಿಸಿತು. ಚಿಲಕ ನಾನೇ ಹಾಕಿಸಿದೆ, 180 ರೂಪಾಯಿ.

ತಿಕೋಟಾ ಕಡೆಯ ಒಬ್ಬ ಹುಡುಗ ಮಾತ್ರ ಪ್ರತಿವಾರ ನೆರಳಿನಲ್ಲೇ ಕೂರುತ್ತಿದ್ದ. ಕೇಳಿದರೆ ನೆಟ್ಟಗೆ ಹೇಳಿದ: “ಮೇಡಮ್ರಿ, ಸೀಜನ್ ಐತ್ರಿ. ನಸುಕಿನ್ಯಾಗ ದ್ರಾಕ್ಷಿ ಕ್ರೇಟ್ ಹೊತ್ತು ಬಂದೀನ್ರಿ. ಇನ್ನೇನ್ ವ್ಯಾಯಾಮ ಮಾಡಲಿ?” ಒಣದ್ರಾಕ್ಷಿ ಶೆಡ್ಡಿನಲ್ಲಿ ದುಡಿದು ಓದುವ ಹುಡುಗ. ಅವನ ಭುಜ ನೋಡಿದರೆ ಯಾವ ಆರೋಗ್ಯ ಸಂಸ್ಥೆಯೂ ಸುಮ್ಮನಾಗಬೇಕು. ನನಗೆ ನಾಚಿಕೆಯಾಯಿತು. ಎರಡು ವಾರ ಬಿಟ್ಟು ನಮ್ಮ ಕ್ರೀಡಾ ನಿರ್ದೇಶಕರು ಅವನ ಕೈಗೆ ಸೀಟಿ ಕೊಟ್ಟು ವಾಲಿಬಾಲ್ ನೆಟ್ಟಿನ ಪಕ್ಕ ಕುರ್ಚಿ ಮೇಲೆ ನಿಲ್ಲಿಸಿದರು. ಆಮೇಲೆ ತಿಳಿದದ್ದು, ಅವನಷ್ಟು ಕಟ್ಟುನಿಟ್ಟಿನ ಅಂಪೈರ್ ಕಾಲೇಜಿನಲ್ಲೇ ಇಲ್ಲ. ದಿನವಿಡೀ ಹೇಳಿಸಿಕೊಂಡು ದುಡಿಯುವವನು ವಾರಕ್ಕೊಂದು ತಾಸು ಸೀಟಿ ಊದಿ ಇಡೀ ತಂಡವನ್ನು ನಿಲ್ಲಿಸುತ್ತಿದ್ದ. ದೈಹಿಕ ಶಿಕ್ಷಣದ ಯಾವ ಪಠ್ಯದಲ್ಲಿ ಇದಕ್ಕೆ ಜಾಗ ಇದೆಯೋ ನಾನರಿಯೆ.

ಹುಡುಗಿಯರನ್ನು ನೆರಳಿನಿಂದ ಹೊರಗೆಳೆದದ್ದು ಜಡೆಯವಳೇ. ಅವಳು ಎರಡನೆಯ ವರ್ಷದವಳು, ಹೈಸ್ಕೂಲಿನಲ್ಲಿ ಖೋ-ಖೋ ಆಡಿದವಳು. ಚಪ್ಪಲಿ ಬಿಟ್ಟಳು, ವೇಲನ್ನು ಸೊಂಟಕ್ಕೆ ಬಿಗಿದು ಕಟ್ಟಿದಳು. ಕಂಬ ಇರಲಿಲ್ಲ, ಒಂದು ಕಡೆ ಬೇವಿನಮರ, ಇನ್ನೊಂದು ಕಡೆ ಯಾರದೋ ಮೋಟರ್ ಸೈಕಲ್ಲು. ಅಂತಿಮ ವರ್ಷದ ಇಂಗ್ಲಿಷ್ ಮೀಡಿಯಂ ಹುಡುಗಿಯೊಬ್ಬಳು ಸಾಲಿನಲ್ಲಿ ಕೂತಿದ್ದಳು. ಇವಳು ಹೋಗಿ ಅವಳ ಬೆನ್ನಿಗೆ ಬಡಿದು ಖೋ ಕೊಟ್ಟ ಸದ್ದು ಸ್ಟಾಫ್ ರೂಮಿನವರೆಗೆ ಕೇಳಿತು. ಆ ಇನ್ನೊಬ್ಬಳು ಎದ್ದು ಓಡಿದಳು, ಇಂಗ್ಲಿಷೂ ಇಲ್ಲ, ಕನ್ನಡವೂ ಇಲ್ಲ, ಬರೀ ಕಿರುಚಾಟ.

ಆ ತಾಸು ಒಂದು ಸೆಮಿಸ್ಟರ್ ಬಾಳಿತು. ಮುಂದಿನ ಸೆಮಿಸ್ಟರ್‌ನಲ್ಲಿ ಮಳೆ, ಆಮೇಲೆ ಚುನಾವಣೆ ಕೆಲಸ, ಆಮೇಲೆ ‘ಪೋರ್ಷನ್ ಉಳಿದೈತಿ’ ಎಂದು ಒಬ್ಬರು ಬುಧವಾರ ಕೇಳಿದರು, ಇನ್ನೊಬ್ಬರು ಕೇಳಿದರು. ಅದರಲ್ಲಿ ಒಂದು ಸಲ ನಾನೂ ಇದ್ದೆ, ಸುಳ್ಳು ಯಾಕೆ ಹೇಳಲಿ. ಮಳೆಗಾಲಕ್ಕೆ ಹಣಕಾಸು ನೀತಿಯ ಪಾಠ ಮುಗಿದಿರಲಿಲ್ಲ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಖೋ-ಖೋದ ಮೊದಲ ವಿಶ್ವಕಪ್ ನಡೆಯಿತು. ನಮ್ಮ ಗಂಡಸರೂ ಗೆದ್ದರು, ಹೆಂಗಸರೂ ಗೆದ್ದರು. ಅದೇ ವಾರ ಇಲ್ಲಿ ವಿಜಯಪುರದಲ್ಲಿ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ. ಭಾರ ಎತ್ತುವುದನ್ನು, ಜಂಗಿ ನಿಕಾಲಿ ಕುಸ್ತಿಯನ್ನು ನೋಡಲು ಊರಿಗೆ ಊರೇ ನಿಲ್ಲುತ್ತದೆ. 2017ರ ಮಹಿಳಾ ಕ್ರಿಕೆಟ್ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡಿನ ಐದು ವಿಕೆಟ್‌ಗಳನ್ನು ಬರೀ 15 ರನ್‌ಗೆ ಕಿತ್ತ ರಾಜೇಶ್ವರಿ ಗಾಯಕವಾಡ ಇದೇ ಊರಿನವರು. ನೋಡುವುದರಲ್ಲಿ ನಾವು ಯಾರಿಗೂ ಕಡಿಮೆ ಇಲ್ಲ.

ಜಾತ್ರೆ ಮುಗಿದ ವಾರ ಜಡೆಯ ಹುಡುಗಿ ಸ್ಟಾಫ್ ರೂಮಿಗೆ ಬಂದಳು. ಆಗ ಅವಳದು ಕೊನೆಯ ವರ್ಷ. ಬಾಗಿಲಲ್ಲಿ ನಿಲ್ಲಲಿಲ್ಲ, ಸೀದಾ ಟೇಬಲ್ ಹತ್ತಿರ ಬಂದಳು.

“ಮೇಡಮ್ರಿ, ಈ ಸೆಮ್‌ದಾಗ ಬುಧವಾರ ಐತೇನ್ರಿ?”

ಟೈಮ್‌ಟೇಬಲ್ ಇನ್ನೂ ಕರಡು. ನನ್ನ ಡ್ರಾಯರಿನಲ್ಲೇ ಇತ್ತು. ಅವಳ ಎದುರಿಗೇ ಬುಧವಾರದ ಕೊನೆಯ ಚೌಕದಲ್ಲಿ ಪೆನ್ನಿನಿಂದ ಬರೆದೆ, ಪೆನ್ಸಿಲ್‌ನಿಂದಲ್ಲ. ಸಂಜೆ ಇಬ್ಬರೂ ಖೋ-ಖೋ ಕಂಬ ಮಾಡಿಸಲು ಬಡಿಗ್ಯಾರ ಅಂಗಡಿಗೆ ಹೋದೆವು. ನೆಲದ ಮೇಲೆ 120 ಸೆಂಟಿಮೀಟರ್ ಇರಬೇಕು, ದುಂಡಗೆ, ಕೈಗೆ ತರಚದ ಹಾಗೆ ಎಂದು ಅವಳೇ ಹೇಳಿದಳು. ಅವರು ಟೇಪು ಹಿಡಿದು ಗುರುತು ಹಾಕಿಕೊಂಡು ಕೇಳಿದರು:

“ಒಳಗ ಎಷ್ಟ ಹೂಳ್ತೀರಿ?”

“ಒಂದ ಫೂಟ್ ಸಾಕಲ್ರಿ?” ಅಂದೆ.

“ಎಲ್ಲಿ ನಿಮ್ಮ ಗ್ರೌಂಡು? ಎರಿ ಭೂಮಿ ಅಲ್ಲೇನು? ಬ್ಯಾಸಗ್ಯಾಗ ಬಾಯಿ ಬಿಡತೈತಿ, ಮಳಿಗಾಲದಾಗ ಉಬ್ಬತೈತಿ. ಒಂದ ಫೂಟಿಗೆ ವರ್ಷೊಪ್ಪತ್ತಿನ್ಯಾಗ ವಾಲತೈತ್ರಿ ಅಕ್ಕಾರ. ಎರಡೂವರಿ ಹೂಳ್ರಿ, ಬುಡಕ್ಕ ಗರಸು ಬಡೀರಿ.”

ಎರಡೂವರೆ ಎಂದು ಚೀಟಿಯಲ್ಲಿ ಬರೆದುಕೊಂಡೆ. ಜಡೆಯವಳು ಆಗಲೇ ಗರಸು ಎಲ್ಲಿ ಸಿಗುತ್ತದೆ ಎಂದು ಯಾರಿಗೋ ಫೋನ್ ಹಚ್ಚಿದ್ದಳು.